ಕಣದ ಗಾಳಿ ಮತ್ತು ಮಕ್ಕಳ ಚಿತ್ರಪುಸ್ತಕ: ಕುಂದಗೋಳ ಸೀಮೆಯ ಜಾನಪದದ ಹಿನ್ನೆಲೆಯಲ್ಲಿ

ಕಣ್ಣಿಗೆ ಕಾಣದ ಗಾಳಿಯನ್ನು ಮಕ್ಕಳ ಚಿತ್ರಪುಸ್ತಕದಲ್ಲಿ ಕಾಣಿಸುವುದು ಹೇಗೆ? ಧಾರವಾಡ ಜಿಲ್ಲೆಯ ಕುಂದಗೋಳ ಸೀಮೆಯ ಒಕ್ಕಲುತನದ ಜಾನಪದದಲ್ಲಿ ಇದಕ್ಕೆ ಉತ್ತರವಿದೆ ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಗಾಳಿಗೆ ಮೈ ಕೊಡುವ ಪರಂಪರೆ ಹಳೆಯದು. ಶಿಲ್ಪಶಾಸ್ತ್ರದಲ್ಲಿ ವಾಯು ವಾಯವ್ಯ ದಿಕ್ಕಿನ ಪಾಲಕ. ಜಿಂಕೆ ಅವನ ವಾಹನ, ಕೈಯಲ್ಲಿ ಧ್ವಜ. 17ನೆಯ ಶತಮಾನದ ಜಪಾನಿನ ತವರಾಯ ಸೊತಾತ್ಸು ಬರೆದ ಗಾಳಿದೇವರು ಗಾಳಿ ತುಂಬಿದ ಚೀಲ ಹಿಡಿದಿದ್ದಾನೆ. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಅವರ ದಾರಿ ಬೇರೆ. 1974ರ ‘ದ ವಿಂಡ್ ಬ್ಲ್ಯೂ’ ಚಿತ್ರಪುಸ್ತಕದಲ್ಲಿ ಗಾಳಿಗೆ ಮುಖವಿಲ್ಲ. ಅದು ಹಾರಿಸಿಕೊಂಡು ಹೋದ ಕೊಡೆ, ಬಲೂನು, ಟೋಪಿಗಳಿಂದಲೇ ಅದರ ಇರವು ತಿಳಿಯುತ್ತದೆ.

ಕುಂದಗೋಳದ ರೈತರು ರಾಶಿ ಮಾಡುವ ಕಣ ಈ ಎರಡನೆಯ ದಾರಿಗೆ ಹತ್ತಿರ. ಆದರೆ ಇಲ್ಲಿನ ಗಾಳಿ ಬರೀ ಹಾರಿಸಿಕೊಂಡು ಹೋಗುವುದಿಲ್ಲ, ಬೇರ್ಪಡಿಸಿ ಕೊಡುತ್ತದೆ. ಎರಿಹೊಲದ ಹಿಂಗಾರಿ ಜೋಳ ಕೊಯ್ದ ಮೇಲೆ ಕಣ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು, ತೆನೆ ತುಳಿಸಲು ಎತ್ತುಗಳ ಹಂತಿ ಕಟ್ಟುತ್ತಿದ್ದರು. ರಾತ್ರಿ ಹಂತಿಪದ ಹಾಡುತ್ತಿದ್ದರು. ಆಮೇಲೆ ತೂರುವ ಕೆಲಸ. ತೂರುವವನು ಎತ್ತರದಲ್ಲಿ ನಿಂತು, ಗಾಳಿಯ ದಿಕ್ಕು ನೋಡಿ, ಮೊರವನ್ನು ಮೇಲೆತ್ತಿ ಸಣ್ಣಗೆ ಅಲುಗಿಸುತ್ತಿದ್ದ. ಗಟ್ಟಿ ಕಾಳು ನೇರ ಕೆಳಗೆ ಬೀಳುತ್ತಿತ್ತು, ಜೊಳ್ಳು ತುಸು ಆಚೆ, ಹೊಟ್ಟು ಇನ್ನೂ ದೂರ. ಗಾಳಿ ಬಿದ್ದುಹೋದರೆ ಮೊರ ಕೆಳಗಿಟ್ಟು ಕಾಯಬೇಕಿತ್ತು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯ ಹಿಂದಿರುವುದು ಈ ಕಾಯುವಿಕೆ.

ಇದೇ ಗಾಳಿಗೆ ಅಂಜಿಕೆಯ ಮುಖವೂ ಉಂಟು. ಬೇಸಿಗೆಯ ಸುಂಟರಗಾಳಿಯೊಳಗೆ ದೆವ್ವ ಇರುತ್ತದೆಂಬ ನಂಬಿಕೆಯಿದೆ. ಕೂಸು ಬೆಚ್ಚಿದರೆ ‘ಗಾಳಿ ಬಡದೈತಿ’ ಎಂದು ಹಣಮಪ್ಪನ ಗುಡಿಗೆ ಒಯ್ಯುತ್ತಾರೆ. ಹಣಮಪ್ಪ ವಾಯುಪುತ್ರ, ಗಾಳಿಯ ಕಾಟಕ್ಕೆ ಗಾಳಿಯ ಮಗನೇ ಕಾವಲು. ಕಣದಲ್ಲಾಗಲಿ ಈ ನಂಬಿಕೆಗಳಲ್ಲಾಗಲಿ ಗಾಳಿಯನ್ನು ಗುರುತಿಸುವುದು ಅದು ಮಾಡಿದ ಕೆಲಸದಿಂದ, ರೂಪದಿಂದಲ್ಲ.

ಚಿತ್ರಪುಸ್ತಕಕ್ಕೆ ಇದರಿಂದ ಸಿಗುವ ಪಾಠ ಸ್ಪಷ್ಟ. ಗಾಳಿಗೆಂದು ಕೆನ್ನೆ ಉಬ್ಬಿಸಿದ ಮುಖವನ್ನು ಬರೆಯಬೇಕಾಗಿಲ್ಲ. ಎದುರುಬದುರು ಎರಡು ಪುಟಗಳ ಎಡಗಡೆ ಮೊರ ಹಿಡಿದವನು, ಕೆಳಗೆ ಕಾಳಿನ ಗುಡ್ಡೆ, ಬಲಕ್ಕೆ ತೇಲಿಹೋಗುವ ಹೊಟ್ಟು. ಮುಂದಿನ ಪುಟದಲ್ಲಿ ಗಾಳಿ ನಿಂತು ಎಲ್ಲರೂ ಕಾಯುತ್ತಿರಬೇಕು. ಪುಟ ತಿರುವುವ ಮಗುವೂ ಅವರೊಡನೆ ಗಾಳಿಗಾಗಿ ಕಾಯುತ್ತದೆ. ಪುಸ್ತಕದ ಮಾತು ಧಾರವಾಡ ಸೀಮೆಯದೇ ಆಗಿರಲಿ.

ರಾಶಿಯಂತ್ರ ಬಂದ ಮೇಲೆ ಹಂತಿಯೂ ತೂರುವಿಕೆಯೂ ಹಿಂದೆ ಸರಿದಿವೆ. ಅವನ್ನು ಕೈಯಾರೆ ಮಾಡಿದವರು ಈಗ ಹಿರಿಯರು. ಅವರ ನೆನಪನ್ನು ದಾಖಲಿಸಲು ನೆರವಾಗಬಲ್ಲ, ಪಕ್ಕದ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಮಕ್ಕಳಿಗೆ ತಲುಪಿಸುವ ದಾರಿಯೂ ಇದೆ: ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಸಂಗ್ರಹಕಾರರು, ಚಿತ್ರಕಾರರು, ಶಾಲಾ ಶಿಕ್ಷಕರು ಒಟ್ಟಾಗಿ ಆ ಹಿರಿಯರ ಬಳಿಗೆ ಹೋಗಬೇಕು. ಅವರ ಮಾತನ್ನು ದಾಖಲಿಸಿ ಮಕ್ಕಳ ಕೈಗೆ ಪುಸ್ತಕವಾಗಿ ಕೊಡುವ ಕೆಲಸವನ್ನು ಇನ್ನು ಮುಂದೂಡಬಾರದು.