ಪಾಪದ ತೂಕ

ಪಾಪಗಳಲ್ಲಿ ಹಿರಿದು ಕಿರಿದೆಂಬುದುಂಟೆ? ನಮ್ಮ ಧರ್ಮಶಾಸ್ತ್ರಕಾರರು ಮಹಾಪಾತಕ, ಉಪಪಾತಕಗಳೆಂದು ವಿಂಗಡಿಸಿ ಒಂದೊಂದಕ್ಕೂ ಪ್ರಾಯಶ್ಚಿತ್ತವನ್ನು ಗೊತ್ತುಮಾಡಿದರು. ಕ್ರೈಸ್ತರಿಗಾದರೋ ಎಲ್ಲ ಪಾಪವೂ ಒಂದೇ ಎಂಬ ಮಾತನ್ನು ನಾನು ಹಲವರ ಬಾಯಿಂದ ಕೇಳಿದ್ದೇನೆ. ಅದು ಅರ್ಧ ಸತ್ಯ.

ಆಧಾರವಿಲ್ಲದ ಮಾತೇನೂ ಅಲ್ಲ. ಧರ್ಮವಿಧಿಗಳಲ್ಲಿ ಒಂದನ್ನು ಮೀರಿದವನು ಎಲ್ಲಕ್ಕೂ ಅಪರಾಧಿಯಾಗುತ್ತಾನೆಂಬುದು ಯಾಕೋಬನ ಪತ್ರಿಕೆಯ ಅಭಿಪ್ರಾಯ. ಆದರೆ ಪಿಲಾತನ ಮುಂದೆ ನಿಂತ ಯೇಸು, ತನ್ನನ್ನು ಒಪ್ಪಿಸಿಕೊಟ್ಟವನ ಪಾಪವೇ ಪಿಲಾತನದಕ್ಕಿಂತ ಹೆಚ್ಚಿನದೆಂದು ನುಡಿದುದನ್ನು ಯೋಹಾನನ ಸುವಾರ್ತೆ ದಾಖಲಿಸಿದೆ. ಮುಂದಿನ ಚರ್ಚೆಯೆಲ್ಲ ಈ ಎರಡು ನುಡಿಗಳ ನಡುವೆ ನಡೆಯಿತು.

ಇದನ್ನರಿಯಲು ರೋಮಿನವರೆಗೆ ಹೋಗಬೇಕಾಗಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯೇ ಸಾಕು. ಸುರಪುರದಿಂದ ಕೃಷ್ಣೆಯನ್ನು ದಾಟಿ ಹೋದರೆ ಮುದಗಲ್ಲು. ಅಲ್ಲಿಯ ಕಥೋಲಿಕ ಸಮುದಾಯ ಆದಿಲಶಾಹಿಗಳ ಕಾಲದ್ದು. ಕಥೋಲಿಕ ಮತದಲ್ಲಿ ಮಾರಕ ಪಾಪ, ಲಘು ಪಾಪ ಎಂದು ಎರಡು ಬಗೆ. ವಿಷಯ ಗುರುತರವಾಗಿರಬೇಕು, ಮಾಡುವವನಿಗೆ ಪೂರ್ಣ ಅರಿವಿರಬೇಕು, ಮನಸ್ಸಿನ ಒಪ್ಪಿಗೆಯಿರಬೇಕು. ಮೂರೂ ಕೂಡಿದರೆ ಮಾತ್ರ ಅದು ಮಾರಕ. ಅಂಥವುಗಳನ್ನು ಗುರುಗಳೆದುರು ಒಂದೊಂದಾಗಿ ನಿವೇದಿಸಬೇಕೆಂದು ಟ್ರೆಂಟ್ ಮಹಾಸಭೆ 1551ರಲ್ಲಿ ವಿಧಿಸಿತು.

ಯಾದಗಿರಿಯ ಮೆಥೊಡಿಸ್ಟರು ಪ್ರಾಟೆಸ್ಟೆಂಟರು. ಅವರಲ್ಲಿ ಆ ಕಡ್ಡಾಯವಿಲ್ಲ. ಆದರೂ ಅವರ ಮೂಲಪುರುಷ ಜಾನ್ ವೆಸ್ಲಿ (1703–1791), ತಿಳಿದೂ ತಿಳಿದೂ ವಿಧಿಯನ್ನು ಮುರಿಯುವುದೇ ನಿಜಾರ್ಥದ ಪಾಪವೆಂದೂ, ಅರಿಯದೆ ಜಾರುವುದು ಬೇರೆಯೆಂದೂ ಬಗೆದ. ಎರಡಕ್ಕೂ ಕ್ರಿಸ್ತನ ಪ್ರಾಯಶ್ಚಿತ್ತ ಬೇಕೆಂದು ಹೇಳಲು ಮರೆಯಲಿಲ್ಲ. ದೇವರ ಕರುಣೆ ಎಲ್ಲ ಪಾಪಿಗೂ ಬೇಕೆಂಬಲ್ಲಿ ಸಮಾನತೆಯುಂಟು, ಪಾಪದ ತೂಕದಲ್ಲಿಲ್ಲ. ಆ ತೂಕವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅರಿವು ಮತ್ತು ಸಂಕಲ್ಪ.

ಹಾಗಾದರೆ ತಕ್ಕಡಿ ಹಿಡಿಯುವವರು ಯಾರು? 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬಂಡೆದ್ದು ಸೆರೆಸಿಕ್ಕ. ಇಂಗ್ಲಿಷರ ದೃಷ್ಟಿಯಲ್ಲಿ ರಾಜದ್ರೋಹಕ್ಕಿಂತ ದೊಡ್ಡ ಅಪರಾಧವಿರಲಿಲ್ಲ. ಆದರೂ ಮರಣದಂಡನೆ ಗಡೀಪಾರಾಗಿ, ಗಡೀಪಾರು ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ರಾಜನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಸಾಹೇಬನನ್ನು ರಾಜ ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ. ಬಂಡಾಯಕ್ಕೆ ಪ್ರೇರಿಸಿದವರ ಹೆಸರನ್ನು ರಾಜ ಹೇಳಲೊಪ್ಪಲಿಲ್ಲವೆಂದು ಸಾವರ್ಕರರು 1909ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಚೆಂಗಲ್ಪಟ್ಟಿನ ಸೆರೆಗೆ ಒಯ್ಯುವಾಗ ದಾರಿಯಲ್ಲೇ ರಾಜ ಗುಂಡಿನಿಂದ ಮಡಿದ.

ವೆಂಕಟಪ್ಪ ನಾಯಕ ಕ್ರೈಸ್ತನಲ್ಲ. ಆದರೆ ಸಾವಿಗಿಂತಲೂ, ನಂಬಿದವರನ್ನು ಒಪ್ಪಿಸಿಕೊಡುವುದೇ ಕೇಡೆಂದು ಅವನು ತೂಗಿದ. ಪಿಲಾತನ ಕಟ್ಟೆಯ ಮುಂದೆ ನುಡಿದ ಮಾತಿನ ತೂಕವೂ ಅದೇ. ತನಗೆ ತೀರ್ಪು ಕೊಟ್ಟವರ ಧರ್ಮಗ್ರಂಥದ ಆ ತಕ್ಕಡಿಯನ್ನು, ಅದನ್ನು ಓದದೆಯೇ, ಬೇಡನಾಯಕನೊಬ್ಬ ಸರಿಯಾಗಿ ಹಿಡಿದನೆಂದು ನನಗೆ ತೋರುತ್ತದೆ.