ಸಿದ್ಧರಾಮರ ಕೆರೆ

ಸೊನ್ನಲಿಗೆಯ ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಭಕ್ತಸಮೂಹದೊಡನೆ ಕೆರೆ ಕಟ್ಟಿಸಿದ ಸಂಗತಿ ರಾಘವಾಂಕನ ಕಾವ್ಯದಿಂದ ಸುವಿದಿತವಾಗಿದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುದೇವರು ಆ ಕರ್ಮನಿಷ್ಠೆಯನ್ನು ಕಟುವಾಗಿಯೇ ಖಂಡಿಸುತ್ತಾರೆ. ಆದರೆ ಖಂಡನೆ ಕರ್ತೃತ್ವಾಭಿಮಾನಕ್ಕೇ ಹೊರತು ಕೆರೆಗಲ್ಲವೆಂದು ತಿಳಿಯುವುದೇ ಯುಕ್ತ. ಕೆರೆಯನ್ನು ಬರಿಯ ಸಂಕೇತವೆಂದು ಬಗೆಯುವ ವ್ಯಾಖ್ಯಾನಕಾರರು ಒಮ್ಮೆ ಸೊಲ್ಲಾಪುರಕ್ಕೆ ಹೋಗಿಬರಬೇಕು. ಸಿದ್ಧೇಶ್ವರ ದೇಗುಲದ ಸುತ್ತ ಆ ನೀರು ಇಂದಿಗೂ ಇದೆ.

ಪರಂಪರೆ ಕಡಿದಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಜನರೊಡನೆ ಹಿರೇಹಳ್ಳಕ್ಕಿಳಿದು ಹೂಳು ತೆಗೆಯಿಸಿದರು. ಅದು ಬರದ ಸೀಮೆ. ಕುಂದಾಪುರದ ಬಳಿಯ ತಲ್ಲೂರಿನಂಥ ಕಡೆ ಕಷ್ಟ ಬೇರೆ ಬಗೆಯದು: ಆಷಾಢದ ನೀರೆಲ್ಲ ಹೊಳೆಗೆ, ಹೊಳೆಯಿಂದ ಕಡಲಿಗೆ ಸರಿದುಹೋಗುತ್ತದೆ, ವೈಶಾಖದಲ್ಲಿ ಹೊಳೆಬದಿಯ ಬಾವಿಗೆ ಉಪ್ಪೇರುತ್ತದೆ. ಕರಾವಳಿಯ ಹಿರಿಯರು ಮದಗಗಳನ್ನು ತೋಡಿದ್ದು ಓಡುವ ಆ ನೀರನ್ನು ತಡೆದು ನಿಲ್ಲಿಸಲು, ನೆಲಕ್ಕಿಳಿಸಲು.