ನಂದಿನಿ ಎಂಬ ಹೆಸರಿನ ಕಾವಲು

ಕರ್ನಾಟಕದ ಹಾಲು ಸಹಕಾರದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಲೀಟರುಗಳ ಲೆಕ್ಕದಿಂದ ಶುರು ಮಾಡುತ್ತಾರೆ. ನನಗೆ ಹೆಸರಿನ ಕಥೆಯೂ ಅಷ್ಟೇ ಮುಖ್ಯ. ಲಕ್ಷಾಂತರ ಹೈನುಗಾರರು ಒಟ್ಟಾಗಿ ಗಳಿಸಿದ ಆಸ್ತಿಯಲ್ಲಿ ‘ನಂದಿನಿ’ ಎಂಬ ಹೆಸರೂ ಸೇರಿದೆ.

1955ರಲ್ಲಿ ಕೂಡಿಗೆಯಲ್ಲಿ ಮೊದಲ ಹಾಲು ಸಹಕಾರಿ ಹುಟ್ಟಿದಾಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಹೈನು ಅಭಿವೃದ್ಧಿ ಯೋಜನೆ ಆರಂಭವಾಯಿತು. 1984ರ ಹೊತ್ತಿಗೆ ಅದನ್ನು ನಡೆಸುತ್ತಿದ್ದ ಸಂಸ್ಥೆ ಕರ್ನಾಟಕ ಹಾಲು ಮಹಾಮಂಡಳವಾಯಿತು. ಮರುವರ್ಷ ವಸಿಷ್ಠರ ಆಶ್ರಮದ ಹಸುವಿನ ಹೆಸರನ್ನು ತನ್ನ ಹಾಲಿಗೆ ಇಟ್ಟುಕೊಂಡಿತು.

ಆ ಹೆಸರಿಗೆ ಬೆಲೆ ಬಂದದ್ದು ಊರಿನ ಡೇರಿಯಲ್ಲಿ. ಬೆಳಗಿನ ಜಾವ ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಂಗಸರ ಹಾಲಿನಿಂದ ಕಾರ್ಯದರ್ಶಿ ಒಂದಿಷ್ಟು ಮಾದರಿ ತೆಗೆಯುತ್ತಾರೆ, ಡಿಗ್ರಿ ನೋಡುತ್ತಾರೆ, ಫ್ಯಾಟು ಬರೆದುಕೊಳ್ಳುತ್ತಾರೆ. ನೀರು ಬೆರೆತಿದ್ದರೆ ಆ ಹಾಲು ವಾಪಸ್. ಶೇ. 3 ಕೊಬ್ಬು, ಶೇ. 8.5 ಕೊಬ್ಬೇತರ ಘನಾಂಶ ಎಂದು ನೀಲಿ ಪ್ಯಾಕೆಟ್ಟಿನ ಮೇಲೆ ಅಚ್ಚಾಗುವ ಮಾತಿಗೆ ಜಾಮೀನು ಆ ಸಾಲು. ಡಾ. ರಾಜ್‌ಕುಮಾರ್, ಮುಂದೆ ಪುನೀತ್ ರಾಜ್‌ಕುಮಾರ್ ಸಂಭಾವನೆ ಪಡೆಯದೆ ಈ ಹಾಲಿನ ಜಾಹೀರಾತಿನಲ್ಲಿ ಕಾಣಿಸಿಕೊಂಡದ್ದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ಹೆಸರಿನ ಹಕ್ಕು ಎಷ್ಟು ದೂರ ಚಾಚುತ್ತದೆ ಎಂಬ ಪ್ರಶ್ನೆ ಎದ್ದದ್ದು ಬೆಂಗಳೂರಿನ ಹೋಟೆಲೊಂದರಿಂದ. 1989ರಿಂದ ನಡೆಯುತ್ತಿದ್ದ ‘ನಂದಿನಿ ಡಿಲಕ್ಸ್’ ಮೀನು, ಮಾಂಸ, ಕೋಳಿ ಮುಂತಾದ ಆಹಾರಗಳಿಗೆ ತನ್ನ ಗುರುತನ್ನು ನೋಂದಾಯಿಸಲು ಹೊರಟಾಗ ಮಹಾಮಂಡಳ ಆಕ್ಷೇಪಿಸಿತು. 2007ರಲ್ಲಿ ಟ್ರೇಡ್‌ಮಾರ್ಕ್ ಕಚೇರಿ ಆ ಆಕ್ಷೇಪವನ್ನು ತಳ್ಳಿಹಾಕಿತು. ಮೇಲ್ಮನವಿ ಮಂಡಳಿಯಲ್ಲಿ ಮಹಾಮಂಡಳ ಗೆದ್ದಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆದರೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರ ಪೀಠ ಹೋಟೆಲಿನ ಪರ ತೀರ್ಪಿತ್ತಿತು. ನಂದಿನಿ ಯಾರೋ ಹೊಸದಾಗಿ ಕಟ್ಟಿದ ಪದವಲ್ಲ, ಪುರಾಣದ ಹೆಸರು. ಟ್ರೇಡ್‌ಮಾರ್ಕ್ ನೋಂದಣಿಯ ಒಂದೇ ವರ್ಗದಲ್ಲಿವೆ ಎಂಬ ಕಾರಣಕ್ಕೆ ತಾನು ಮಾರದ ಸರಕುಗಳ ಮೇಲೂ ಯಾರೂ ಏಕಸ್ವಾಮ್ಯ ಸಾಧಿಸುವಂತಿಲ್ಲ ಎಂಬುದು ತೀರ್ಪಿನ ತಿರುಳು. ಹಾಲು ಮತ್ತು ಹಾಲಿನ ಉತ್ಪನ್ನಗಳು ಮಾತ್ರ ಹೋಟೆಲಿನ ನೋಂದಣಿಯಿಂದ ಹೊರಗುಳಿದವು.

ಇದನ್ನು ಸೋಲು ಎಂದು ಬೇಸರಪಟ್ಟವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಾಲಿನ ಮೇಲಿನ ಹಕ್ಕಿಗೆ ಕೂದಲೆಳೆಯಷ್ಟೂ ಧಕ್ಕೆಯಾಗಿಲ್ಲ. ಜನರೆಲ್ಲರಿಗೂ ಸೇರಿದ ಪುರಾಣದ ಹೆಸರನ್ನು ಆಯ್ದುಕೊಂಡ ಸಂಸ್ಥೆ ಅದರ ಮಿತಿಯನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಖೋಟಾ ಮಾಲು. 2021ರ ಡಿಸೆಂಬರಿನಲ್ಲಿ ಮೈಸೂರಿನ ಹೊರವಲಯದಲ್ಲಿ ನಂದಿನಿ ಹೆಸರಿನ ಕಲಬೆರಕೆ ತುಪ್ಪ ತಯಾರಾಗುತ್ತಿದ್ದ ಜಾಗ ಪತ್ತೆಯಾಯಿತು. 1999ರ ಟ್ರೇಡ್‌ಮಾರ್ಕ್ ಕಾಯಿದೆ ಇಂಥವರಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಆದರೆ ಆ ಕಾಯಿದೆಯಡಿ ಶೋಧ, ಜಪ್ತಿ ಮಾಡಲು ಡಿವೈಎಸ್ಪಿ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಅಧಿಕಾರಿಯೇ ಬೇಕು, ಮೊದಲು ರಿಜಿಸ್ಟ್ರಾರರ ಅಭಿಪ್ರಾಯ ಪಡೆಯಬೇಕು. ಅಷ್ಟರಲ್ಲಿ ಡಬ್ಬಗಳು ಅಂಗಡಿ ಸೇರಿರುತ್ತವೆ. ಆ ತುಪ್ಪ ತಿಂದವರು ದೂರುವುದು ಊರಿನ ಡೇರಿಗೆ ಹಾಲು ಹಾಕುವವರನ್ನೇ.

ಮಾರುಕಟ್ಟೆಯೂ ಮೊದಲಿನಂತಿಲ್ಲ. 2023ರಲ್ಲಿ ಅಮುಲ್ ಹಾಲು ಬೆಂಗಳೂರಿಗೆ ಬರುವ ಸುದ್ದಿಗೆ ರಾಜ್ಯವೇ ಕೆರಳಿತ್ತು. ಮರುವರ್ಷ ನವೆಂಬರಿನಲ್ಲಿ ನಂದಿನಿ ತಾನೇ ದೆಹಲಿಯ ಮಾರುಕಟ್ಟೆಗೆ ಕಾಲಿಟ್ಟಿತು, ಡಿಸೆಂಬರಿನಲ್ಲಿ ಇಡ್ಲಿ-ದೋಸೆ ಹಿಟ್ಟನ್ನೂ ಬಿಡುಗಡೆ ಮಾಡಿತು. ಹಿಟ್ಟು ಹಾಲಿನ ಉತ್ಪನ್ನವಲ್ಲ. ಇಂಥ ಪ್ರತಿ ಹೊಸ ಸರಕಿಗೂ ಹೆಸರಿನ ಹಕ್ಕನ್ನು ಬಳಸಿಯೇ ಗಳಿಸಬೇಕು. ಹತ್ತು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವ ಕಡತವನ್ನು ಮಹಾಮಂಡಳದ ಆಡಳಿತ ಮಂಡಳಿ ಹಾಲಿನ ದರದಷ್ಟೇ ಗಂಭೀರವಾಗಿ ಎದುರಿಗಿಟ್ಟುಕೊಂಡು ಚರ್ಚಿಸಲಿ ಎಂಬುದು ನನ್ನ ಬೇಡಿಕೆ.